ಮೈಸೂರಿನ ಹೆಸರು ಹೊತ್ತ ಕನ್ಸರ್ಟೊ

ಪುಣೆಯಲ್ಲಿದ್ದುಕೊಂಡು ಪಿಯಾನೋ ಕನ್ಸರ್ಟೊ ಕೇಳಬೇಕು ಅನ್ನುವವರಿಗೆ ಇರುವ ದಾರಿ ಎರಡು. ಒಂದು, ಖಂಡಾಲದ ಘಾಟಿ ಇಳಿದು ಮುಂಬೈಗೆ ಹೋಗುವುದು. ನರಿಮನ್ ಪಾಯಿಂಟಿನ ಎನ್‌ಸಿಪಿಎಯಲ್ಲಿ 2006ರಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ವರ್ಷದ ಕೆಲವು ವಾರ ಕಛೇರಿ ಕೊಡುತ್ತದೆ. ಇನ್ನೊಂದು ದಾರಿ, ಮನೆಯಲ್ಲೇ ಕೂತು ಧ್ವನಿಮುದ್ರಿಕೆ ಕೇಳುವುದು. ಪ್ರಸಿದ್ಧ ಕನ್ಸರ್ಟೊಗಳಾದರೆ ಒಂದಲ್ಲ ಒಂದು ವರ್ಷ ಮುಂಬೈಯಲ್ಲಿ ಸಿಕ್ಕಾವು. ಅಪ್ರಸಿದ್ಧವಾದವಕ್ಕೆ ಎರಡನೆಯ ದಾರಿಯೊಂದೇ ಗತಿ. ಈ ವಿಷಯದಲ್ಲಿ ಲಂಡನ್ನಿನವರ ಪಾಡೂ ಪುಣೆಯವರಿಗಿಂತ ತೀರ ಬೇರೆಯೇನಲ್ಲ.

ಧ್ವನಿಮುದ್ರಿಕೆಯ ಶಕ್ತಿ ಏನೆಂದು ಪುಣೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗದಗಿನ ಹುಡುಗ ಭೀಮಸೇನ ಜೋಶಿ ಅಂಗಡಿಯ ಮುಂದೆ ನಿಂತು ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ಪ್ಲೇಟು ಕೇಳಿ, ಹಾಡಿದರೆ ಹೀಗೆ ಹಾಡಬೇಕೆಂದು ಮನೆ ಬಿಟ್ಟು ಹೋದ ಕಥೆ ಎಲ್ಲರಿಗೂ ಗೊತ್ತು. ಊರೂರು ಅಲೆದು ಕೊನೆಗೆ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯನಾಗಿ, ಮುಂದೆ ಪುಣೆಯಲ್ಲಿ ನೆಲೆ ನಿಂತು, 1953ರಿಂದ ಗುರುವಿನ ಹೆಸರಿನ ಉತ್ಸವವನ್ನೂ ಆ ಊರಿನದೇ ಆಗಿಸಿದರು. ಮೂರು ನಿಮಿಷದ ಒಂದು ಅರಗಿನ ತಟ್ಟೆ ಅಷ್ಟು ದೂರ ಒಯ್ಯಬಲ್ಲದು. ಆದರೆ ಆ ತಟ್ಟೆಯನ್ನು ಮೊದಲು ಯಾರೋ ದುಡ್ಡು ಹಾಕಿ ಮಾಡಿಸಿರಬೇಕು. ಖಾನ್ ಸಾಹೇಬರ ಪ್ಲೇಟಿಗೆ ಕೊಳ್ಳುವವರಿದ್ದರು, ಆದ್ದರಿಂದ ಕಂಪನಿಯೇ ಮಾಡಿತು. ಕೊಳ್ಳುವವರಿಲ್ಲದ ಸಂಗೀತದ ಗತಿ ಏನು? ಈ ಪ್ರಶ್ನೆಯ ಬೆನ್ನು ಹತ್ತಿದರೆ ದಾರಿ ಪೋಲೆಂಡಿನಿಂದ ಹೊರಟು, ಯಾರೂ ಎಣಿಸದ ರೀತಿಯಲ್ಲಿ, ಮೈಸೂರಿಗೆ ಬಂದು ಮುಟ್ಟುತ್ತದೆ.

ಕನ್ಸರ್ಟೊ ಎಂದರೆ ಒಂದು ವಾದ್ಯಕ್ಕೂ ಇಡೀ ಆರ್ಕೆಸ್ಟ್ರಾಕ್ಕೂ ನಡೆಯುವ ಮಾತುಕತೆ, ಕೆಲವೊಮ್ಮೆ ಜಗಳ. ಸಾಮಾನ್ಯವಾಗಿ ಮೂರು ಭಾಗ, ಒಟ್ಟು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ನಡುವೆ ಆರ್ಕೆಸ್ಟ್ರಾ ಪೂರ್ತಿ ಸುಮ್ಮನಾಗಿ ವಾದಕನೊಬ್ಬನೇ ತನ್ನ ಕೈಚಳಕ ತೋರಿಸುವ ಘಟ್ಟವೊಂದು ಬರುವುದುಂಟು. ನಮ್ಮ ಕಛೇರಿಯ ತನಿ ಆವರ್ತನ ನೆನಪಿಸಿಕೊಂಡರೆ ಸಾಕು, ಸಭೆ ಉಸಿರು ಹಿಡಿದು ಕೂರುವ ಬಗೆಯೂ ಅದೇ. ಆದರೆ ಇಲ್ಲಿ ಪ್ರತಿ ಸ್ವರವನ್ನೂ ಬರೆದಿಟ್ಟಿರುತ್ತಾರೆ. ಅರವತ್ತು ಎಪ್ಪತ್ತು ಮಂದಿ ಅದನ್ನು ಎದುರಿಗಿಟ್ಟುಕೊಂಡು ಒಟ್ಟಿಗೆ ನುಡಿಸಬೇಕು. ಕನ್ಸರ್ಟೊಗಳ ಹಣೆಬರಹ ತೀರ್ಮಾನವಾಗುವುದು ಇಲ್ಲಿಯೇ. ಎಲ್ಲರಿಗೂ ಗೊತ್ತಿರುವ ಕೃತಿಯಾದರೆ ಎರಡು ಬಾರಿ ಅಭ್ಯಾಸ ಮಾಡಿ ವೇದಿಕೆ ಹತ್ತಬಹುದು. ಗೊತ್ತಿಲ್ಲದ್ದಾದರೆ ಅಭ್ಯಾಸ ಹೆಚ್ಚು, ಖರ್ಚು ಹೆಚ್ಚು, ಟಿಕೆಟ್ ಕಡಿಮೆ. ಪಿಯಾನೋವಾದಕನಿಗೂ ಅಷ್ಟೇ: ತಿಂಗಳುಗಟ್ಟಲೆ ಕಲಿತದ್ದನ್ನು ಯಾರೂ ಕರೆದು ನುಡಿಸು ಎನ್ನದಿದ್ದರೆ ಕಲಿತು ಮಾಡುವುದೇನು?

ಪೋಲೆಂಡಿನ ಪಿಯಾನೋ ಕನ್ಸರ್ಟೊ ಎಂದೊಡನೆ ಬರುವ ಹೆಸರು ಶೋಪಾನ್. ಅವನು ಬರೆದದ್ದು ಎರಡೇ. ಎರಡನ್ನೂ ಇಪ್ಪತ್ತರ ಹರೆಯದೊಳಗೇ ಬರೆದು ಮುಗಿಸಿ 1830ರಲ್ಲಿ ವಾರ್ಸಾದಲ್ಲಿ ತಾನೇ ನುಡಿಸಿದ. ಎಫ್ ಮೈನರ್ ಮಾರ್ಚಿನಲ್ಲಿ, ಇ ಮೈನರ್ ಅಕ್ಟೋಬರಿನಲ್ಲಿ. ಎರಡನೆಯದು ಮೊದಲು ಅಚ್ಚಾದ್ದರಿಂದ ಅದಕ್ಕೇ ಒಂದನೆಯ ನಂಬರು ಬಿತ್ತು. ನವೆಂಬರ್ 2ರಂದು ಊರು ಬಿಟ್ಟ. ಅದೇ ತಿಂಗಳ ಕೊನೆಗೆ ರಷ್ಯಾದ ವಿರುದ್ಧ ದಂಗೆಯೆದ್ದಿತು. ಅವನು ಮತ್ತೆ ಊರು ನೋಡಲಿಲ್ಲ. ಆ ಕನ್ಸರ್ಟೊಗಳಲ್ಲಿ ಆರ್ಕೆಸ್ಟ್ರಾಕ್ಕೆ ಹೆಚ್ಚು ಕೆಲಸವಿಲ್ಲ, ಬರೀ ಶ್ರುತಿ ಹಿಡಿದಂತಿದೆ ಎಂಬ ದೂರು ಮೊದಲಿನಿಂದಲೂ ಇದೆ, ಅದು ಸುಳ್ಳೂ ಅಲ್ಲ. ಆದರೂ ಇವೆರಡು ಅಳಿಯುವುದಿಲ್ಲ. ಮಾಧುರ್ಯ ಒಂದು ಕಾರಣ. ಇನ್ನೊಂದು, 1927ರಿಂದ ವಾರ್ಸಾದಲ್ಲಿ ನಡೆಯುವ ಶೋಪಾನ್ ಸ್ಪರ್ಧೆ. ಅಂತಿಮ ಸುತ್ತಿಗೆ ಬಂದವರು ಇವೆರಡರಲ್ಲಿ ಒಂದನ್ನು ನುಡಿಸಲೇಬೇಕು. ಹಾಗಾಗಿ ಜಗತ್ತಿನ ಯಾವ ಮೂಲೆಯಲ್ಲಿ ಪಿಯಾನೋ ಕಲಿಯುವ ಮಹತ್ವಾಕಾಂಕ್ಷಿಯ ಕೈಯಲ್ಲೂ ಇವು ತಯಾರಾಗಿರುತ್ತವೆ.

ಅದೇ ಪೋಲೆಂಡಿನ ಪಾಡೆರೆವ್‌ಸ್ಕಿಯ ಕನ್ಸರ್ಟೊ ಯಾರ ಕೈಯಲ್ಲೂ ತಯಾರಿರುವುದಿಲ್ಲ. 1888ರಲ್ಲಿ ಬರೆದ ಎ ಮೈನರ್ ಕೃತಿ. ವಿಯೆನ್ನಾದಲ್ಲಿ ಮರುವರ್ಷ ಮೊದಲ ಬಾರಿ ನುಡಿಸಿದವಳು ಅವನ ಗುರು ಲೆಷೆಟಿಟ್ಸ್ಕಿಯ ಪತ್ನಿ ಅನೆಟ್ ಎಸಿಪೋವಾ. ಪಾಡೆರೆವ್‌ಸ್ಕಿ ಆಮೇಲೆ ಜಗತ್ತಿನಲ್ಲೇ ಅತಿ ಹೆಚ್ಚು ಹೆಸರಾದ ಪಿಯಾನೋವಾದಕನಾದ, 1919ರಲ್ಲಿ ಸ್ವತಂತ್ರ ಪೋಲೆಂಡಿನ ಪ್ರಧಾನಿಯೂ ಆಗಿ ವರ್ಸೈ ಒಪ್ಪಂದಕ್ಕೆ ಸಹಿ ಹಾಕಿದ. ಇಷ್ಟೆಲ್ಲ ಇದ್ದೂ ಅವನ ಕನ್ಸರ್ಟೊ ಅವನ ಕೈ ಬಿಟ್ಟ ಮೇಲೆ ನಡೆಯಲಿಲ್ಲ. ಮೊಷ್ಕೋವ್‌ಸ್ಕಿಯದು ಇನ್ನೂ ಕನಿಕರದ ಕಥೆ. 1898ರ ಅವನ ಇ ಮೇಜರ್ ಕನ್ಸರ್ಟೊದಷ್ಟು ನಗುಮುಖದ ಸಂಗೀತ ಆ ಕಾಲದಲ್ಲಿ ಕಡಿಮೆ. ಬಾಂಡುಗಳಲ್ಲಿ ಹಾಕಿದ್ದ ಹಣವೆಲ್ಲ ಮೊದಲ ಮಹಾಯುದ್ಧದಲ್ಲಿ ಮುಳುಗಿ, 1925ರಲ್ಲಿ ಪ್ಯಾರಿಸ್ಸಿನಲ್ಲಿ ಬಡತನದಲ್ಲೇ ಸತ್ತ.

ಶೋಪಾನನ ಇ ಮೈನರ್ ಮತ್ತು ಪಾಡೆರೆವ್‌ಸ್ಕಿಯ ಎ ಮೈನರ್ ಎರಡನ್ನೂ ಒಂದೇ ಸಂಜೆ, ಒಂದರ ಹಿಂದೆ ಒಂದು ಕೇಳಿದರೆ ಒಂದು ವಿಷಯ ಹೊಳೆಯುತ್ತದೆ. ಎರಡರಲ್ಲೂ ನಡುವಿನ ವಿಳಂಬ ಭಾಗದ ಹೆಸರು ರೊಮಾನ್ಸ್. ಶೋಪಾನನದು ರಾತ್ರಿ ಒಬ್ಬನೇ ಕೂತು ಹಾಡಿಕೊಂಡಂತಿದೆ. ಪಾಡೆರೆವ್‌ಸ್ಕಿಯಲ್ಲಿ ಪಿಯಾನೋ ಮತ್ತು ಉಳಿದ ವಾದ್ಯಗಳು ಪರಸ್ಪರ ಕೇಳಿಸಿಕೊಳ್ಳುತ್ತವೆ. ಶೋಪಾನ್ ದೊಡ್ಡವನು ಎಂಬುದರಲ್ಲಿ ಸಂದೇಹ ಉಳಿಯುವುದಿಲ್ಲ. ಆದರೆ ಎರಡರ ನಡುವಿನ ಅಂತರ, ಒಂದು ವಾರಕ್ಕೊಮ್ಮೆ ಎಲ್ಲೋ ನುಡಿಯುತ್ತ ಇನ್ನೊಂದು ವರ್ಷಗಟ್ಟಲೆ ಮೌನವಾಗಿರಬೇಕಾದಷ್ಟು ದೊಡ್ಡದಲ್ಲ.

ಪಾಡೆರೆವ್‌ಸ್ಕಿ ಸತ್ತದ್ದು 1941ರ ಜೂನಿನಲ್ಲಿ, ನ್ಯೂಯಾರ್ಕಿನಲ್ಲಿ. ಅದೇ ವರ್ಷ ಬ್ರಿಟನ್ನಿನಲ್ಲಿ ‘ಡೇಂಜರಸ್ ಮೂನ್‌ಲೈಟ್’ ಎಂಬ ಸಿನಿಮಾ ಬಂತು. ಅದರ ನಾಯಕ ಪೋಲೆಂಡಿನ ಪಿಯಾನೋವಾದಕ, ವಿಮಾನ ಹಾರಿಸುವ ಯೋಧ. ಅವನಿಗಾಗಿ ರಿಚರ್ಡ್ ಅಡಿನ್ಸೆಲ್ ಎಂಬ ಇಂಗ್ಲಿಷ್ ಸಂಗೀತಗಾರ ಒಂಬತ್ತು ನಿಮಿಷದ ‘ವಾರ್ಸಾ ಕನ್ಸರ್ಟೊ’ ಬರೆದುಕೊಟ್ಟ. ಜನ ಮುಗಿಬಿದ್ದು ಅದರ ಪ್ಲೇಟು ಕೊಂಡರು. ನಿಜವಾದ ಪೋಲಿಷ್ ಕನ್ಸರ್ಟೊಗಳು ಕಪಾಟಿನಲ್ಲಿ ಧೂಳು ಹಿಡಿಯುತ್ತಿದ್ದಾಗ ಎಲ್ಲರ ಬಾಯಲ್ಲಿದ್ದದ್ದು ಲಂಡನ್ನಿನಲ್ಲಿ ತಯಾರಾದ ಈ ಪುಟಾಣಿ. ಅಡಿನ್ಸೆಲ್ ಮಾದರಿಯಾಗಿಟ್ಟುಕೊಂಡದ್ದಾದರೂ ಪೋಲೆಂಡಿನವರನ್ನಲ್ಲ, ರಷ್ಯಾದ ರಾಕ್ಮನಿನಾಫನನ್ನು.

ಈ ಧೂಳು ಕೊಡವಲು ಗಟ್ಟಿಯಾಗಿ ಕೈಹಾಕಿದ್ದು ಲಂಡನ್ನಿನ ಹೈಪೀರಿಯನ್ ಎಂಬ ರೆಕಾರ್ಡಿಂಗ್ ಕಂಪನಿ. ರೊಮ್ಯಾಂಟಿಕ್ ಕಾಲದ ಮರೆತುಹೋದ ಪಿಯಾನೋ ಕನ್ಸರ್ಟೊಗಳದೇ ಒಂದು ಮಾಲೆಯನ್ನು ಅದು 1991ರಲ್ಲಿ ಶುರುಮಾಡಿತು. ಈಗ ಅದರಲ್ಲಿ 80ಕ್ಕೂ ಹೆಚ್ಚು ಡಿಸ್ಕುಗಳಿವೆ. ಮೊದಲನೆಯದರಲ್ಲೇ ಮೊಷ್ಕೋವ್‌ಸ್ಕಿ ಮತ್ತು ಪಾಡೆರೆವ್‌ಸ್ಕಿ ಜೋಡಿ. ಪಿಯಾನೋ ಪಿಯರ್ಸ್ ಲೇನ್, ಆರ್ಕೆಸ್ಟ್ರಾ ಬಿಬಿಸಿ ಸ್ಕಾಟಿಷ್ ಸಿಂಫನಿ, ಅದನ್ನು ನಡೆಸಿದವನು ಪೋಲೆಂಡಿನವನೇ ಆದ ಯೆಝಿ ಮಾಕ್ಸಿಮ್ಯೂಕ್. ಮರುವರ್ಷ ಅದೇ ಆರ್ಕೆಸ್ಟ್ರಾ, ಅದೇ ಮಾಕ್ಸಿಮ್ಯೂಕ್ ಎರಡನೆಯ ಡಿಸ್ಕಿಗೆ ಕೂತರು. ಈ ಬಾರಿ ನಿಕೊಲಾಯ್ ಡೆಮಿಡೆಂಕೊ ನುಡಿಸಿದ್ದು ರಷ್ಯಾದ ನಿಕೊಲಾಯ್ ಮೆಟ್ನರನ ಎರಡನೆಯ ಮತ್ತು ಮೂರನೆಯ ಕನ್ಸರ್ಟೊಗಳು. ಆ ಮೂರನೆಯ ಕನ್ಸರ್ಟೊದ ಮೇಲೆ ಒಂದು ಅರ್ಪಣೆಯಿದೆ: ಮೈಸೂರಿನ ಮಹಾರಾಜರಿಗೆ, ಕೃತಜ್ಞತೆಯಿಂದ.

ಮೆಟ್ನರ್ ಹುಟ್ಟಿದ್ದು 1880ರಲ್ಲಿ, ಮಾಸ್ಕೋದಲ್ಲಿ. ರಾಕ್ಮನಿನಾಫ್ ಅವನಿಗಿಂತ ಏಳು ವರ್ಷ ಹಿರಿಯ, ಜೀವನದುದ್ದಕ್ಕೂ ಗೆಳೆಯ. ಕ್ರಾಂತಿಯ ನಂತರ ಇಬ್ಬರೂ ದೇಶ ಬಿಟ್ಟರು. ರಾಕ್ಮನಿನಾಫ್ ಅಮೆರಿಕ ಸೇರಿ ಕಛೇರಿ ಮಾಡಿ ದುಡ್ಡು ಕಂಡ. ಮೆಟ್ನರ್ 1921ರಲ್ಲಿ ಹೊರಟು ಬರ್ಲಿನ್, ಪ್ಯಾರಿಸ್ ಸುತ್ತಿ ಮೂವತ್ತರ ದಶಕದ ನಡುವೆ ಲಂಡನ್ನಿಗೆ ಬಂದು ಸಣ್ಣ ಮನೆ ಹಿಡಿದ. ನಮ್ಮ ಕಾಲದ ಅತಿ ದೊಡ್ಡ ಸಂಗೀತಕಾರ ನೀನೇ ಎಂದು ರಾಕ್ಮನಿನಾಫ್ ಅವನಿಗೆ ಹೇಳಿದ್ದುಂಟು. ಬರೀ ಹೇಳಿ ಸುಮ್ಮನಾಗದೆ ಅಮೆರಿಕದಲ್ಲಿ ಅವನಿಗೆ ಪ್ರವಾಸ ಏರ್ಪಡಿಸಿದ, ಹೊಸ ಸಂಗೀತದ ಫ್ಯಾಷನ್ನುಗಳ ಮೇಲೆ ಮೆಟ್ನರ್ ಸಿಟ್ಟಿನಿಂದ ಬರೆದ ಪುಸ್ತಕವನ್ನು 1935ರಲ್ಲಿ ತನ್ನ ಪ್ರಕಾಶನದಿಂದಲೇ ಹೊರತಂದ. ರಾಕ್ಮನಿನಾಫನ ನಾಲ್ಕನೆಯ ಕನ್ಸರ್ಟೊ ಮೆಟ್ನರನಿಗೆ ಅರ್ಪಿತ, ಮೆಟ್ನರನ ಎರಡನೆಯದು ರಾಕ್ಮನಿನಾಫನಿಗೆ.

ಇವರಿಬ್ಬರನ್ನು ಅಕ್ಕಪಕ್ಕ ಇಟ್ಟು ಕೇಳುವುದು ಶೋಪಾನ್–ಪಾಡೆರೆವ್‌ಸ್ಕಿ ಜೋಡಿಗಿಂತ ಕಷ್ಟದ ಕೆಲಸ. ರಾಕ್ಮನಿನಾಫನ ಎರಡನೆಯ ಕನ್ಸರ್ಟೊವನ್ನು ಒಮ್ಮೆ ಕೇಳಿದವರು ಮನೆಗೆ ಹೋಗುತ್ತ ಗುನುಗುತ್ತಾರೆ. 1945ರ ‘ಬ್ರೀಫ್ ಎನ್‌ಕೌಂಟರ್’ ಸಿನಿಮಾ ಅದನ್ನು ಕಛೇರಿಗೇ ಹೋಗದವರ ಕಿವಿಗೂ ಹಾಕಿತು. ಮೆಟ್ನರನಲ್ಲಿ ಹಾಗೆ ಒಮ್ಮೆಗೇ ಕೈಗೆ ಸಿಗುವ ಹಾಡಿಲ್ಲ. ಸಣ್ಣ ಎಳೆಯೊಂದು ಬರುತ್ತದೆ, ಮುಖ ತಿರುಗಿಸಿ ಹೋಗುತ್ತದೆ, ಹತ್ತು ನಿಮಿಷದ ಮೇಲೆ ಬೇರೆ ವೇಷದಲ್ಲಿ ಮರಳುತ್ತದೆ. ಮೂರು ನಾಲ್ಕು ಬಾರಿ ಕೇಳಿದ ಮೇಲಷ್ಟೆ ನಂಟು ತಿಳಿಯುವುದು. ಎರಡನೆಯ ಕನ್ಸರ್ಟೊದ ನಡುವಿನ ಭಾಗಕ್ಕೆ ಅವನೂ ರೊಮಾನ್ಸ್ ಎಂದೇ ಹೆಸರಿಟ್ಟಿದ್ದಾನೆ. ಹೊಸಬರು ಅಲ್ಲಿಂದ ಶುರುಮಾಡುವುದು ಲೇಸು. ಮೂರು ನಾಲ್ಕು ಬಾರಿ ಕೇಳಬೇಕಾದ ಸಂಗೀತವನ್ನು ವರ್ಷಕ್ಕೊಮ್ಮೆಯೂ ಯಾರೂ ನುಡಿಸದಿದ್ದರೆ ಅದಕ್ಕೆ ಕೇಳುಗರು ಹುಟ್ಟುವುದಾದರೂ ಹೇಗೆ? ಅಂಥ ಸಂಗೀತಕ್ಕೆ ತಿರುತಿರುಗಿ ಹಾಕಬಹುದಾದ ಪ್ಲೇಟೇ ಬೇಕು.

ಎರಡನೆಯ ಮಹಾಯುದ್ಧ ಮೆಟ್ನರನ ಬದುಕನ್ನು ಪೂರ್ತಿ ಮುರಿಯಿತು. ಅವನ ಪ್ರಕಾಶಕರು ಜರ್ಮನಿಯವರು. ಅಲ್ಲಿಂದ ಬರುತ್ತಿದ್ದ ಅಷ್ಟಿಷ್ಟು ಗೌರವಧನವೂ ನಿಂತಿತು. ಬಾಂಬಿನ ಭಯಕ್ಕೆ ಲಂಡನ್ ಬಿಟ್ಟು ಶಿಷ್ಯೆ ಎಡ್ನಾ ಐಲ್ಸ್ ಕುಟುಂಬದ ಆಶ್ರಯದಲ್ಲಿ ವಾರ್ವಿಕ್‌ಷೈರಿನಲ್ಲಿ ಉಳಿದ. 1942ರಲ್ಲಿ ಹೃದಯಾಘಾತವಾಯಿತು. ಮೂರನೆಯ ಕನ್ಸರ್ಟೊ ಮುಗಿದದ್ದು ಈ ನಡುವೆ. ಹಿಂದೆ ರಷ್ಯಾದ ಕವಿ ಲೆರ್ಮಂತೊವನ ಜಲಕನ್ಯೆಯ ಪದ್ಯವೊಂದರ ನೆರಳಿದೆ, ಆದ್ದರಿಂದ ‘ಬಲ್ಲಾಡ್’ ಎಂಬ ಅಡ್ಡಹೆಸರು. 1944ರ ಫೆಬ್ರವರಿಯಲ್ಲಿ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಅವನೇ ನುಡಿಸಿದ. ರಾಕ್ಮನಿನಾಫ್ ತೀರಿಕೊಂಡು ಆಗ ಒಂದು ವರ್ಷವಾಗುತ್ತ ಬಂದಿತ್ತು.

ಮೈಸೂರಿನಲ್ಲಿ ಆ ಹೊತ್ತಿಗೆ ಜಯಚಾಮರಾಜ ಒಡೆಯರ್ ಪಟ್ಟಕ್ಕೆ ಬಂದು ನಾಲ್ಕು ವರ್ಷ. 1919ರಲ್ಲಿ ಹುಟ್ಟಿದ ಅವರು ಚಿಕ್ಕಂದಿನಿಂದ ಪಿಯಾನೋ ಕಲಿತವರು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದವರು. ಕಛೇರಿ ಮಾಡುವ ಪಿಯಾನೋವಾದಕನಾಗಬೇಕೆಂಬ ಆಸೆ ಅವರಿಗಿತ್ತು. 1940ರ ಮಾರ್ಚಿನಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್, ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ತೀರಿಕೊಂಡರು. ಇಪ್ಪತ್ತೊಂದರ ಹುಡುಗ ಸಿಂಹಾಸನ ಏರಬೇಕಾಯಿತು. ಪಿಯಾನೋ ಅರಮನೆಯೊಳಗೇ ಉಳಿಯಿತು. ಅವರ ತಂಗಿ ವಿಜಯಾದೇವಿಯವರೂ ನುರಿತ ಪಿಯಾನೋವಾದಕಿ. ಬೆಂಗಳೂರಿನ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿ ಮುಂದೆ ಹುಟ್ಟಿದ್ದು ಅವರಿಂದ.

ಅರಮನೆಗೆ ಇದೆಲ್ಲ ಹೊಸದಾಗಿರಲಿಲ್ಲ. ನಾಲ್ವಡಿಯವರ ಕಾಲದಲ್ಲೇ ಅಲ್ಲಿ ಪಾಶ್ಚಾತ್ಯ ವಾದ್ಯವೃಂದವಿತ್ತು, ವೀಣೆ ಶೇಷಣ್ಣನವರಂಥ ವಿದ್ವಾಂಸರಿದ್ದ ಆಸ್ಥಾನದಲ್ಲೇ ಅದೂ ನಡೆಯುತ್ತಿತ್ತು. ಹೊಸದಾಗಿದ್ದದ್ದು ಜಯಚಾಮರಾಜರ ಆಯ್ಕೆ. ಬೇತೊವೆನ್, ಶೋಪಾನ್ ಎಂದು ಹೆಸರಾದವರನ್ನು ಪೋಷಿಸಿ ಹೆಸರು ಗಳಿಸುವುದು ಸುಲಭವಿತ್ತು. ಅವರು ಹುಡುಕಿದ್ದು ಕಪಾಟಿನ ಹಿಂಬದಿಯಲ್ಲಿ ಬಿದ್ದವರನ್ನು.

ಈ ಕಥೆಯ ಇನ್ನೊಂದು ಪಾತ್ರ ವಾಲ್ಟರ್ ಲೆಗ್, ಎಚ್‌ಎಂವಿ ಮತ್ತು ಕೊಲಂಬಿಯಾ ಸೇರಿದ್ದ ಇಎಂಐ ಕಂಪನಿಯ ರೆಕಾರ್ಡಿಂಗ್ ನಿರ್ಮಾಪಕ. ಮಾರಾಟವಾಗದ ಸಂಗೀತವನ್ನು ಪ್ಲೇಟಿಗೆ ತರುವ ಉಪಾಯವನ್ನು ಆತ ಮೂವತ್ತರ ದಶಕದಲ್ಲೇ ಕಂಡುಕೊಂಡಿದ್ದ. ಮೊದಲೇ ಚಂದಾದಾರರನ್ನು ಕೂಡಿಸುವುದು, 500 ಜನ ಮುಂಗಡ ಕೊಟ್ಟರೆ ಮಾತ್ರ ರೆಕಾರ್ಡಿಂಗ್. 1931ರಲ್ಲಿ ಹ್ಯೂಗೋ ವೋಲ್ಫನ ಹಾಡುಗಳಿಗೆ ಒಂದು ‘ಸೊಸೈಟಿ’ ಹೀಗೆ ಹುಟ್ಟಿತು. ಮರುವರ್ಷದಿಂದ ಶ್ನಾಬೆಲ್ ನುಡಿಸಿದ ಬೇತೊವೆನ್ ಸೊನಾಟಾಗಳು ಹೊರಬಂದದ್ದೂ ಹೀಗೆಯೇ. ನಮ್ಮಲ್ಲಿ ದಪ್ಪ ಪುಸ್ತಕಗಳನ್ನು ಪ್ರಕಟಣಪೂರ್ವ ಬೆಲೆಗೆ ಹೊರತರುತ್ತಿದ್ದರಲ್ಲ, ಅದೇ ವ್ಯವಹಾರ. ಮೆಟ್ನರನಿಗೆ ಐನೂರು ಜನ ಎಲ್ಲಿಂದ ಬರಬೇಕು? ಮೆಟ್ನರ್ ಸೊಸೈಟಿ ಹುಟ್ಟಿದಾಗ ಆ ಐನೂರು ಜನರ ಜಾಗದಲ್ಲಿ ನಿಂತು ಖರ್ಚು ಹೊತ್ತವರು ಒಬ್ಬರೇ.

ಯುದ್ಧ ಮುಗಿದ ಬೆನ್ನಿಗೆ ಲೆಗ್ ಮೈಸೂರಿಗೆ ಬಂದು ವಾರಗಟ್ಟಲೆ ಉಳಿದ. ಆತ ಬರೆದಿಟ್ಟ ನೆನಪುಗಳಲ್ಲಿ ಆ ಬೆರಗು ಇನ್ನೂ ಆರಿಲ್ಲ. ಇನ್ನೂ ಮೂವತ್ತು ತುಂಬದ ರಾಜ. ಗಂಭೀರ ಸಂಗೀತದ ಸಿಗುವ ಪ್ಲೇಟುಗಳೆಲ್ಲ ಇರುವ ಅರಮನೆ. ಬಗೆಬಗೆಯ ಲೌಡ್‌ಸ್ಪೀಕರುಗಳು, ಹಲವು ಕಛೇರಿ ಪಿಯಾನೋಗಳು. ಸಂಗ್ರಹ ಸುಮಾರು 20,000 ಪ್ಲೇಟುಗಳದು ಎಂದು ಆ ಕಾಲದ ಅಂದಾಜು. ವಾಪಸು ಹೋಗುವಾಗ ಆತನ ಕೈಯಲ್ಲಿ ಎರಡು ಭರವಸೆಗಳಿದ್ದವು. ಮೆಟ್ನರನ ಕನ್ಸರ್ಟೊಗಳು, ಹಾಡುಗಳು, ಒಂದಿಷ್ಟು ಚಿಕ್ಕ ಮೇಳದ ಕೃತಿಗಳ ರೆಕಾರ್ಡಿಂಗ್ ಖರ್ಚು ಒಂದು. ಲೆಗ್ 1945ರಲ್ಲಿ ಕಟ್ಟಿದ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ ಕಾಲೂರಲು ಮೂರು ವರ್ಷ, ವರ್ಷಕ್ಕೆ 10,000 ಪೌಂಡ್ ಇನ್ನೊಂದು. ರೂಪಾಯಿಗೆ ಒಂದೂವರೆ ಶಿಲಿಂಗಿನ ಆಗಿನ ದರದಲ್ಲಿ ಅದು ವರ್ಷಕ್ಕೆ 1 ಲಕ್ಷದ 33 ಸಾವಿರ ರೂಪಾಯಿಯಷ್ಟಾಗುತ್ತದೆ.

ಈ ಮೊತ್ತವನ್ನು ಓದುವಾಗ ಕಾಲವನ್ನೂ ನೆನೆಯಬೇಕು. 1946 ದಕ್ಷಿಣ ಭಾರತಕ್ಕೆ ಧಾನ್ಯದ ಅಭಾವದ ವರ್ಷ, ಮೈಸೂರು ರಾಜ್ಯವೂ ಅದರೊಳಗೇ ಇತ್ತು. 1947ರ ಆಗಸ್ಟಿನಲ್ಲಿ ದೇಶ ಸ್ವತಂತ್ರವಾದರೂ ಮೈಸೂರಿಗೆ ಜವಾಬ್ದಾರಿ ಸರ್ಕಾರ ಸಿಗಲಿಲ್ಲ. ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ಬೀದಿಗಿಳಿಯಿತು. ಮೈಸೂರಿನಲ್ಲಿ ಗುಂಡೇಟಿಗೆ ಸತ್ತ ವಿದ್ಯಾರ್ಥಿ ರಾಮಸ್ವಾಮಿಯ ಹೆಸರನ್ನು ಊರಿನ ವೃತ್ತವೊಂದು ಇಂದಿಗೂ ಹೊತ್ತಿದೆ. ಅಕ್ಟೋಬರಿನಲ್ಲಿ ಮಹಾರಾಜರು ಒಪ್ಪಿ ಕೆ.ಸಿ. ರೆಡ್ಡಿಯವರ ಸರ್ಕಾರ ಬಂತು. ಲಂಡನ್ನಿನ ಸ್ಟುಡಿಯೋದಲ್ಲಿ ಮೆಟ್ನರ್ ತನ್ನ ಮೂರೂ ಕನ್ಸರ್ಟೊಗಳನ್ನು ನುಡಿಸಿದ್ದು ಇದೇ 1947ರಲ್ಲಿ. ಅರಮನೆಯ ದುಡ್ಡು ಎಂದರೂ ಅದು ಹುಟ್ಟುವುದು ರೈತನ ಕಂದಾಯದಲ್ಲೇ. ಮಂಡ್ಯ, ಹಾಸನದ ಹೊಲಗಳಿಗೂ ರಷ್ಯಾದ ಮುದುಕನೊಬ್ಬನ ಪಿಯಾನೋಗೂ ಹೀಗೊಂದು ನಂಟು ಬಿದ್ದದ್ದನ್ನು ರಸಿಕತನದ ಕಥೆಯೆಂದು ಬರೀ ಮೆಚ್ಚಿ ಹೇಳುವವರು ಅರ್ಧ ಕಥೆಯನ್ನಷ್ಟೇ ಹೇಳುತ್ತಾರೆ. ರಾಜರ ಶೋಕಿ ಎಂದು ತಳ್ಳಿಹಾಕುವವರು ಹೇಳುವುದೂ ಅರ್ಧವೇ. ಶೋಕಿಗೆ ಬೇಟೆ, ಕುದುರೆ, ಕಾರುಗಳಿದ್ದವು. ಇಂಗ್ಲೆಂಡಿನವರೇ ಮರೆತ ವ್ಯಕ್ತಿಯ ಕಷ್ಟದ ಸಂಗೀತ ಆ ಪಟ್ಟಿಗೆ ಸೇರುವಂಥದಲ್ಲ.

ಸ್ಟುಡಿಯೋದ ಕೆಲಸ ಸುಲಭವಾಗಿರಲಿಲ್ಲ. ಟೇಪು ಇನ್ನೂ ಬಂದಿರಲಿಲ್ಲ, ಮೇಣದ ತಟ್ಟೆಯ ಮೇಲೆ ನೇರ ಕೊರೆತ. ಒಂದು ಬದಿಗೆ ಹಿಡಿಯುವುದು ನಾಲ್ಕೂವರೆ ನಿಮಿಷದಷ್ಟು. ಮೂವತ್ತೈದು ನಿಮಿಷದ ಕನ್ಸರ್ಟೊವನ್ನು ಎಂಟೊಂಬತ್ತು ತುಂಡು ಮಾಡಿ, ಪ್ರತಿ ತುಂಡನ್ನೂ ನಿಲ್ಲಿಸದೆ, ತಪ್ಪದೆ ನುಡಿಸಬೇಕು. ಯಾರೋ ಒಬ್ಬ ಕೊಳಲಿನವನು ಜಾರಿದರೂ ಇಡೀ ಬದಿ ಮೊದಲಿಂದ. ಪಿಯಾನೋ ಮುಂದೆ ಕೂತವನಿಗೆ 67 ವರ್ಷ, ಒಮ್ಮೆ ಹೃದಯಾಘಾತವಾಗಿ ಬದುಕಿಕೊಂಡವನು, ಕೈಯಲ್ಲಿರುವುದು ತಾನೇ ಬರೆದ, ಗಟ್ಟಿಗರೂ ಹೆದರುವಷ್ಟು ಸ್ವರಗಳು. ಮೊದಲನೆಯ ಕನ್ಸರ್ಟೊಗೆ ಫಿಲ್ಹಾರ್ಮೋನಿಯಾವನ್ನು ನಡೆಸಿದವನು ಜಾರ್ಜ್ ವೆಲ್ಡನ್. ಎರಡು ಮತ್ತು ಮೂರಕ್ಕೆ ರಷ್ಯಾದಿಂದಲೇ ಬಂದ ಇಸ್ಸಾಯ್ ದೊಬ್ರೊವೆನ್. ಇಂದು ಆ ರೆಕಾರ್ಡುಗಳನ್ನು ಕೇಳಿದರೆ ಕರಕರ ಸದ್ದಿನ ಹಿಂದೆ ಮುದಿತನದ ಸುಳಿವು ಹೆಚ್ಚಿಲ್ಲ. ಡೆಮಿಡೆಂಕೊನಂಥ ಹೊಸಬರ ವೇಗ, ಹೊಳಪು ಅಲ್ಲಿಲ್ಲ. ಪ್ರತಿ ಎಳೆ ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂದು ಬಲ್ಲವನ ನಿಧಾನ ಇದೆ. ಎರಡನ್ನೂ ಕೇಳುವ ಪುರಸೊತ್ತು ಇದ್ದವರು ಮೊದಲು ಡೆಮಿಡೆಂಕೊ, ಆಮೇಲೆ ಮೆಟ್ನರ್ ಎಂಬ ಕ್ರಮ ಇಟ್ಟುಕೊಳ್ಳಬಹುದು.

ಮೆಟ್ನರ್ ಸೊಸೈಟಿಯ ಹೆಸರಿನಲ್ಲಿ ಎಚ್‌ಎಂವಿ ಮೂರು ಸಂಪುಟ ಹೊರತಂದಿತು. 1950ರಲ್ಲಿ ಎಲಿಸಬೆತ್ ಶ್ವಾರ್ಟ್ಸ್‌ಕಾಫ್ ಅವನ ಹಾಡುಗಳನ್ನು ಹಾಡಿದಳು, ಪಿಯಾನೋದಲ್ಲಿ ಅವನೇ. 1951ರ ನವೆಂಬರ್ 13ರಂದು ಮೆಟ್ನರ್ ಲಂಡನ್ನಿನಲ್ಲಿ ತೀರಿಕೊಂಡ. ಮರೆವು ಬಂದವರು ಮರಳಿ ಜ್ಞಾಪಕ ಮಾಡಿಕೊಂಡಂತೆ ಜಗತ್ತು ಆ ಪ್ಲೇಟುಗಳಿಂದ ತಕ್ಷಣ ಎಚ್ಚೆತ್ತಿತು ಎಂದೇನೂ ಇಲ್ಲ. ಅಷ್ಟರಲ್ಲಿ ಎಲ್‌ಪಿ ಬಂದು 78ರ ತಟ್ಟೆಗಳು ಮೂಲೆ ಸೇರಿದವು. ಅವನ ಪತ್ನಿ ಆನ್ನಾ 1958ರಲ್ಲಿ ಹಸ್ತಪ್ರತಿಗಳ ಸಮೇತ ಮಾಸ್ಕೋಗೆ ಮರಳಿದಳು, ಸೋವಿಯತ್ ಪ್ರಕಾಶನ 1959ರಿಂದ 1963ರೊಳಗೆ ಹನ್ನೆರಡು ಸಂಪುಟಗಳಲ್ಲಿ ಅವನ ಸಂಗೀತ ಅಚ್ಚು ಹಾಕಿತು. ಮೂರನೆಯ ಕನ್ಸರ್ಟೊ ಇಂದಿಗೂ ಕಛೇರಿಗಳಲ್ಲಿ ಅಪರೂಪ. ಆದರೆ ನುಡಿಸಹೊರಟವರಿಗೆ ಅದನ್ನು ಬರೆದವನ ಕೈಯ ಮಾದರಿ ಇದೆ. ಪಾಡೆರೆವ್‌ಸ್ಕಿ ತನ್ನ ಚಿಕ್ಕ ಕೃತಿಗಳ ಎಷ್ಟೋ ಪ್ಲೇಟು ಕೊಟ್ಟವನಾದರೂ ಅವನ ಕನ್ಸರ್ಟೊಗೆ ಈ ಭಾಗ್ಯ ಇಲ್ಲ.

ಮೈಸೂರಿನ ದುಡ್ಡು ಅಲ್ಲಿಗೇ ನಿಲ್ಲಲಿಲ್ಲ. 1949ರಲ್ಲಿ ಕರಾಯನ್ ಫಿಲ್ಹಾರ್ಮೋನಿಯಾದೊಂದಿಗೆ ರೆಕಾರ್ಡು ಮಾಡಿದ ಬಲಾಕಿರೆವನ ಸಿಂಫನಿಯ ಹಿಂದೆಯೂ ಅದೇ ನೆರವು. 1948ರಲ್ಲಿ ಮಹಾರಾಜರು ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. 1950ರ ಮೇ 22ರಂದು ರಿಚರ್ಡ್ ಸ್ಟ್ರಾಸನ ಕೊನೆಯ ನಾಲ್ಕು ಹಾಡುಗಳು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿ ಕೇಳಿಬಂದವು: ಕರ್ಸ್ಟನ್ ಫ್ಲಾಗ್‌ಸ್ಟಾಟಳ ಕಂಠ, ಫುರ್ಟ್‌ವೆಂಗ್ಲರನ ನಿರ್ದೇಶನ, 4,800 ಡಾಲರುಗಳ ಭರವಸೆ ಮೈಸೂರಿನದು. ಮಹಾರಾಜರು ಅಲ್ಲಿರಲಿಲ್ಲ, ತಮ್ಮ ಸಂಗ್ರಹಕ್ಕೆ ಅದರ ರೆಕಾರ್ಡು ಬಂದರೆ ಸಾಕೆಂದಿದ್ದರು. ಆ ಹಾಡುಗಳಿಗೆ ಯಾರ ಮರುಕವೂ ಬೇಕಾಗಲಿಲ್ಲ, ಹುಟ್ಟಿದಂದಿನಿಂದ ಪ್ರಸಿದ್ಧ. ಒಂದೇ ಕೈಯಿಂದ ಪೋಷಣೆ ಪಡೆದ ಎರಡು ಸಂಗೀತಗಳಲ್ಲಿ ಒಂದು ವಾರವಾರ ಎಲ್ಲೋ ಕೇಳಿಸುತ್ತದೆ, ಇನ್ನೊಂದನ್ನು ಹುಡುಕಿಕೊಂಡು ಹೋಗಬೇಕು. ಅಷ್ಟರಲ್ಲಿ ರಾಜ್ಯ ಹೋಗಿ ಒಡೆಯರ್ ರಾಜಪ್ರಮುಖರಾಗಿದ್ದರು. ವರ್ಷಕ್ಕೆ 26 ಲಕ್ಷದ ರಾಜಧನವೂ 1971ರಲ್ಲಿ ರದ್ದಾಯಿತು. ಅವರು ತೀರಿಕೊಂಡದ್ದು 1974ರ ಸೆಪ್ಟೆಂಬರಿನಲ್ಲಿ.

ಮೆಟ್ನರನಿಗೆ ದುಡ್ಡು ಕಳಿಸುತ್ತಿದ್ದ ಅದೇ ದಿನಗಳಲ್ಲಿ, 1945–47ರ ಆಸುಪಾಸು, ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ ಅವರು ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸುತ್ತಿದ್ದರು. ‘ಶ್ರೀವಿದ್ಯಾ’ ಅಂಕಿತದ 94 ಕೃತಿಗಳು, ಅಪರೂಪದ ಎಷ್ಟೋ ರಾಗಗಳು. ಪಿಯಾನೋವಾದಕನಾಗಲಾರದ ರಾಜ ವಾಗ್ಗೇಯಕಾರನಾದದ್ದು ಹೀಗೆ. ಅಠಾಣದ ‘ಶ್ರೀ ಮಹಾಗಣಪತಿಂ’ ಇಂದು ಬೆಂಗಳೂರಿನ ಯಾವ ರಾಮನವಮಿ ಪೆಂಡಾಲಿನಲ್ಲಾದರೂ ಕೇಳಿಬಂದೀತು. ಗಂಭೀರನಾಟದ ‘ಶ್ರೀ ಜಾಲಂಧರಂ’ ಹಾಡುವವರೂ ಇದ್ದಾರೆ. ಉಳಿದ ತೊಂಬತ್ತರಲ್ಲಿ ಹೆಚ್ಚಿನವನ್ನು ಪುಸ್ತಕ ತೆರೆದು ಹುಡುಕಬೇಕು.